ಏಕಾಕಿಯಾಗಿ ಸ್ಕೈ ದ್ವೀಪಕ್ಕೆ

ಸ್ವದೇಶದಲ್ಲಿದ್ದುಕೊಂಡು ಒಬ್ಬಂಟಿಯಾಗಿ ಯಾತ್ರೆ ಹೊರಡುವುದಕ್ಕೂ, ಪರದೇಶದಲ್ಲಿ ನೆಲೆಸಿದ್ದು ಅಲ್ಲಿಂದ ಆ ದೇಶದ ಇನ್ನೊಂದು ಮೂಲೆಗೆ ಒಬ್ಬಂಟಿಯಾಗಿ ಹೊರಡುವುದಕ್ಕೂ ಇರುವ ಅಂತರವು, ಹೊರಟು ನೋಡಿದ ಹೊರತು ಗೋಚರವಾಗುವಂಥದಲ್ಲ. ಮೊದಲನೆಯದರಲ್ಲಿ ದಾರಿ ತಪ್ಪಿದವನಿಗೆ ಹಿಂದೆ ಮನೆಯೊಂದು ಇದ್ದೇ ಇರುತ್ತದೆ. ಎರಡನೆಯದರಲ್ಲಿ ಹಿಂದೆಯೂ ಬಾಡಿಗೆಯ ಕೋಣೆ, ಮುಂದೆಯೂ ಬಾಡಿಗೆಯ ಮಂಚ. ಉದ್ಯೋಗನಿಮಿತ್ತವಾಗಿ ಗ್ಲಾಸ್ಗೋ ನಗರದಲ್ಲಿ ವಾಸವಾಗಿದ್ದ ನಾನು, ಜೊತೆಗೆ ಬರುವೆವೆಂದು ಮಾತು ಕೊಟ್ಟಿದ್ದ ಗೆಳತಿಯರು ರಜೆ ಸಿಕ್ಕಲಿಲ್ಲವೆಂದೂ ಚಳಿ ಹೆಚ್ಚೆಂದೂ ಒಬ್ಬೊಬ್ಬರಾಗಿ ಹಿಂಜರಿದ ಮೇಲೆ, ಒಂದು ಸೆಪ್ಟೆಂಬರ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಸ್ಕೈ ದ್ವೀಪಕ್ಕೆ ಏಕಾಕಿಯಾಗಿಯೇ ಹೊರಡಲು ನಿಶ್ಚಯಿಸಿದೆನು. ಹಿಂದಿನ ದಿನ ದೂರವಾಣಿಯಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಒಬ್ಳೇ ಹೋಗಿ ನೋಡ್ಕೊಂಡು ಬಂದ್ರೆ ಆಯ್ತೇನೆ? ನೋಡಿದ್ದನ್ನ ಯಾರ ಹತ್ರ ಹೇಳ್ತೀಯೆ?’ ಕ್ಷೇಮದ ವಿಷಯವಾಗಿ ಕೇಳುವಳೆಂದು ಉತ್ತರಗಳನ್ನು ಸಜ್ಜುಮಾಡಿಟ್ಟುಕೊಂಡಿದ್ದ ನನ್ನಲ್ಲಿ ಇದಕ್ಕೆ ಮಾತ್ರ ಉತ್ತರವಿರಲಿಲ್ಲ.

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಹೊರಡುವ ರೈಲು ಕ್ರಿಯನ್‌ಲಾರಿಕ್ ಎಂಬ ಸಣ್ಣ ಊರಿನಲ್ಲಿ ಎರಡಾಗಿ ಒಡೆಯುತ್ತದೆ; ಮುಂದಿನ ಬೋಗಿಗಳೊಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ. ಒಂದು ಓಬನ್ ಬಂದರಿಗೆ, ಇನ್ನೊಂದು ಫೋರ್ಟ್ ವಿಲಿಯಂ ಮಾರ್ಗವಾಗಿ ಮ್ಯಾಲೇಗ್‌ಗೆ. ಕುಟುಂಬಸಮೇತರಾಗಿ ಬಂದವರಲ್ಲಿ ಯಾರಾದರೊಬ್ಬರು ಈ ಚಿಂತೆಯನ್ನು ವಹಿಸಿಕೊಂಡು ಉಳಿದವರು ಬುತ್ತಿ ಬಿಚ್ಚುವರು. ಒಬ್ಬಂಟಿಗರ ಸಂಸಾರದಲ್ಲಿ ಯಜಮಾನಿಕೆಯೂ ಗುಮಾಸ್ತಿಕೆಯೂ ಒಬ್ಬರದೇ ಆದುದರಿಂದ ನಾನು ಸಹಪ್ರಯಾಣಿಕರನ್ನೂ, ಆಮೇಲೆ ನಂಬಿಕೆ ಸಾಲದೆ ಗಾರ್ಡನನ್ನೂ ವಿಚಾರಿಸಿ ಕುಳಿತೆನು.

ಕ್ರಿಯನ್‌ಲಾರಿಕ್ ಕಳೆದ ಮೇಲೆ ಬೆಟ್ಟಗಳು ಹಿಂದೆ ಸರಿದು ರ‍್ಯಾನಖ್ ಬಯಲು ತೆರೆದುಕೊಳ್ಳುತ್ತದೆ. ಮರವಿಲ್ಲ, ಮನೆಯಿಲ್ಲ, ರಸ್ತೆಯಿಲ್ಲ. ಕಂದುಬಣ್ಣದ ಜೌಗುನೆಲ, ನಡುನಡುವೆ ಕಪ್ಪುನೀರಿನ ಮಡುಗಳು. 1894ರಲ್ಲಿ ಈ ಮಾರ್ಗವನ್ನು ತೆರೆದವರು, ಹಳಿಗಳು ಹೂತುಹೋಗದಿರಲೆಂದು ಮರದ ಬೇರುಗಳನ್ನೂ ಪೊದೆಗಳ ಕಟ್ಟುಗಳನ್ನೂ ಹಾಸಿ, ಅದರ ಮೇಲೆ ಸಾವಿರಾರು ಟನ್ ಮಣ್ಣನ್ನೂ ಬೂದಿಯನ್ನೂ ಸುರಿದು, ರೈಲುದಾರಿಯನ್ನು ಆ ಕೆಸರಿನ ಮೇಲೆ ತೇಲಿಸಿದರಂತೆ. ಇದರ ನೆತ್ತಿಯ ಮೇಲಿರುವ ಕೊರೌರ್ ನಿಲ್ದಾಣವು ಸಮುದ್ರಮಟ್ಟಕ್ಕಿಂತ 408 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ. ಇಂಥ ಸ್ಥಳದಲ್ಲಿ ಮಾತು ಅನಾವಶ್ಯಕವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಪಕ್ಕದ ಆಸನದಲ್ಲಿ ಪರಿಚಿತರಿದ್ದಿದ್ದರೆ ‘ಎಷ್ಟು ಚೆನ್ನಾಗಿದೆ, ಅಲ್ಲವೇ?’ ಎಂಬ ಮಾತಿಗೆ ‘ಹೌದು’ ಎನ್ನುವಷ್ಟರಲ್ಲಿ ಅರ್ಧ ಬಯಲು ದಾಟಿಹೋಗುತ್ತಿತ್ತು.

ಏಕಾಂತದ ಇನ್ನೊಂದು ಐಶ್ವರ್ಯವು ಗ್ಲೆನ್‌ಫಿನನ್‌ನಲ್ಲಿ ಅನುಭವಕ್ಕೆ ಬಂದಿತು. 21 ಕಮಾನುಗಳ, 1901ರಲ್ಲಿ ಸಂಚಾರಕ್ಕೆ ತೆರೆದ ಅಲ್ಲಿಯ ಕಾಂಕ್ರೀಟ್ ಸೇತುವೆಯು ಚಲನಚಿತ್ರಗಳ ಮೂಲಕ ಲೋಕಪ್ರಸಿದ್ಧವಾಗಿರುವುದರಿಂದ ಅದನ್ನಿಲ್ಲಿ ಬಣ್ಣಿಸಬೇಕಾಗಿಲ್ಲ. ರೈಲು ನಿಂತೊಡನೆ, ಯಾವ ಮಂತ್ರಾಲೋಚನೆಯೂ ಇಲ್ಲದೆ, ಯಾರ ಮುಖವನ್ನೂ ನೋಡದೆ, ಚೀಲವನ್ನು ಹೆಗಲಿಗೇರಿಸಿ ಇಳಿದುಬಿಟ್ಟೆನು. ಮುಂದಿನ ರೈಲು ಬರುವವರೆಗೆ ಸರೋವರದ ದಂಡೆಯಲ್ಲಿ ಅಲೆದು, ಸಂಜೆಗೆ ಮ್ಯಾಲೇಗ್ ಸೇರಿದೆನು. ಐಶ್ವರ್ಯಕ್ಕೆ ತೆರಿಗೆಯೂ ಇದ್ದೇ ಇತ್ತು. ವಸತಿಗೃಹದಲ್ಲಿ ಇಬ್ಬರಿಗೆಂದು ಇರುವ ಕೋಣೆಯನ್ನು ಒಬ್ಬಳೇ ಹಿಡಿದುದಕ್ಕೆ ಹೆಚ್ಚುಕಡಮೆ ಇಬ್ಬರ ಬಾಡಿಗೆಯನ್ನೇ ತೆರಬೇಕಾಯಿತು. ಊಟದ ಮನೆಯಲ್ಲಿ ‘ಒಬ್ಬರೇ ಏನು?’ ಎಂದು ಕೇಳಿ, ಅಡುಗೆಮನೆಯ ಬಾಗಿಲು ತೆರೆದಾಗಲೆಲ್ಲ ಮೀನಿನ ಹೊಗೆ ಬಂದು ಮುತ್ತುವ ಮೂಲೆಯ ಮೇಜನ್ನು ತೋರಿಸಿದರು. ಶಾಕಾಹಾರಿಯೆಂದು ತಿಳಿಸಿದ ಮೇಲೆ ಬೇಯಿಸಿದ ಆಲೂಗಡ್ಡೆ ಬಂದಿತು. ಅದು ಚೆನ್ನಾಗಿಯೇ ಇತ್ತು.

ಮರುದಿನ ಹಡಗಿನಲ್ಲಿ ಆರ್ಮಡೇಲ್‌ಗೆ ದಾಟಿ, ಅಲ್ಲಿಂದ ಬಸ್ಸಿನಲ್ಲಿ ದ್ವೀಪದ ಮುಖ್ಯಪಟ್ಟಣವಾದ ಪೋರ್ಟ್ರೀಗೆ ಬಂದೆನು. 1995ರಲ್ಲಿ ಸೇತುವೆಯಾದ ಮೇಲೆ ಸ್ಕೈಗೆ ಹಡಗಿನಲ್ಲಿ ಬರುವ ಅವಶ್ಯಕತೆಯಿಲ್ಲವಾದರೂ, ದ್ವೀಪಕ್ಕೆ ನೀರಿನ ಮೇಲೆಯೇ ಹೋಗತಕ್ಕದ್ದೆಂಬ ಹಟ ನನಗಿತ್ತು. ತಂಗುದಾಣದಲ್ಲಿ ಒಂದು ನಮೂನೆಯನ್ನು ತುಂಬಿಸಿಕೊಂಡರು. ಹೆಸರು, ವಿಳಾಸ, ರಾಷ್ಟ್ರೀಯತೆ ಇವೆಲ್ಲ ಸರಾಗವಾಗಿ ಸಾಗಿದವು. ಕೊನೆಯಲ್ಲಿ, ಆಪತ್ತು ಒದಗಿದಲ್ಲಿ ಯಾರಿಗೆ ತಿಳಿಸಬೇಕೆಂಬ ಕಲಮಿನ ಎದುರಿಗೆ ನನ್ನ ಲೇಖನಿ ನಿಂತಿತು. ಅಮ್ಮನ ಸಂಖ್ಯೆಯನ್ನು ಬರೆದರೆ, ಇಲ್ಲಿ ರಾತ್ರಿ ಹತ್ತಕ್ಕೆ ಆಪತ್ತು ಬಂದರೆ ಅಲ್ಲಿ ಬೆಳಗಿನ ಜಾವ ಎರಡೂವರೆ. ನಿದ್ದೆಗೆಟ್ಟು ಗಾಬರಿಗೊಳ್ಳುವುದನ್ನುಳಿದು ಆಕೆ ಮಾಡಬಹುದಾದುದೇನು? ಗ್ಲಾಸ್ಗೋದ ಸಹೋದ್ಯೋಗಿಯ ಹೆಸರನ್ನು ಬರೆಯೋಣವೆಂದರೆ ಅಷ್ಟರ ಸಲಿಗೆಯಿಲ್ಲ. ಕೊನೆಗೆ, ನನಗೆ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದ ವೃದ್ಧೆಯ ಹೆಸರನ್ನು ಆಕೆಯ ಅನುಮತಿಯಿಲ್ಲದೆಯೇ ಬರೆದೆನು. ಪರದೇಶವಾಸದ ಸ್ವರೂಪವನ್ನು ಆ ಒಂದು ಗೆರೆಯಷ್ಟು ನಿಷ್ಠುರವಾಗಿ ಮತ್ತಾವುದೂ ನನಗೆ ತಿಳಿಸಿಕೊಟ್ಟದ್ದಿಲ್ಲ.

ಆ ಕಲಮು ಅಪಶಕುನವೋ ಎಂಬಂತೆ ಅಂದಿನ ರಾತ್ರಿಯೇ ಜ್ವರ ಬಂದಿತು. ಎಂಟು ಮಂಚಗಳ ಕೋಣೆ. ಉಳಿದ ಏಳು ಮಂದಿಯೂ ಸಜ್ಜನರು. ನಾನು ಮಲಗಿರುವೆನೆಂದು ಹೆಜ್ಜೆಯ ಸಪ್ಪುಳವಾಗದಂತೆ ನಡೆದರು, ದೀಪವನ್ನು ಬೇಗನೆ ಆರಿಸಿದರು, ಏನಾಗಿದೆಯೆಂದು ಒಬ್ಬರೂ ಕೇಳಲಿಲ್ಲ. ಅನ್ಯರ ಏಕಾಂತಕ್ಕೆ ಭಂಗ ತರಬಾರದೆಂಬುದು ಆ ನಾಡಿನ ಪರಮಸೌಜನ್ಯ. ನಮ್ಮ ತಾಳಗುಪ್ಪದ ರೈಲಿನಲ್ಲಾಗಿದ್ದರೆ ಗೋತ್ರದಿಂದ ಸಂಬಳದವರೆಗೆ ವಿಚಾರಿಸಿ, ಎದುರು ಸಾಲಿನ ಅಜ್ಜಿಯೊಬ್ಬಳು ಶುಂಠಿಯ ಕಷಾಯದ ವಿಧಾನವನ್ನು ಒಪ್ಪಿಸುತ್ತಿದ್ದಳು. ಅಂಥ ವಿಚಾರಣೆಯನ್ನು ಒಂದು ಕಾಲದಲ್ಲಿ ಉಪದ್ರವವೆಂದು ಬಗೆದು ದೂರ ಬಂದವಳೇ ನಾನು. ಆ ರಾತ್ರಿ ಮಾತ್ರ ಯಾರಾದರೂ ಉಪದ್ರವ ಕೊಟ್ಟಿದ್ದರೆ ಬೇಡವೆನ್ನುತ್ತಿರಲಿಲ್ಲ. ಬೆಳಗಾದ ಮೇಲೆ ಔಷಧದ ಅಂಗಡಿಯವನು ಮಾತ್ರೆ ಕೊಟ್ಟು, ನೀರು ಹೆಚ್ಚಾಗಿ ಕುಡಿಯಲು ಹೇಳಿದನು. ಎರಡು ದಿನಗಳು ಕಿಟಕಿಯ ಹೊರಗಿನ ಮಳೆಯನ್ನು ನೋಡುವುದರಲ್ಲಿಯೇ ಕಳೆದವು.

ಜ್ವರವಿಳಿದ ಮೇಲೆ, ಪ್ರವಾಸಿಗರೆಲ್ಲ ಬಂಡೆಗಳ ಸೊಬಗನ್ನು ನೋಡಲು ಉತ್ತರದ ದಿಕ್ಕಿಗೆ ಹೋಗುತ್ತಿರಲು, ನಾನು ದಕ್ಷಿಣಕ್ಕೆ ಕವಲೊಡೆಯುವ ಕಿರುದಾರಿಯನ್ನು ಹಿಡಿದು ಬ್ರೇಸ್ ಎಂಬ ಹಳ್ಳಿಗಾಡಿಗೆ ಹೋದೆನು. ತಮ್ಮ ಕುರಿದನಗಳು ಮೇಯುತ್ತಿದ್ದ ಬೆನ್ ಲೀ ಎಂಬ ಬೆಟ್ಟವನ್ನು ಭೂಮಾಲಿಕನು ಕಸಿದುಕೊಂಡನೆಂದು ಇಲ್ಲಿಯ ಗೇಣಿದಾರರು ಗೇಣಿಯನ್ನು ತಡೆಹಿಡಿದರು. ಒಕ್ಕಲೆಬ್ಬಿಸುವ ಆಜ್ಞೆಯನ್ನು ತಂದ ಅಧಿಕಾರಿಯಿಂದಲೇ ಆ ಕಾಗದಗಳನ್ನು ಸುಡಿಸಿದರು. 1882ರ ಏಪ್ರಿಲ್‌ನಲ್ಲಿ ಸುಮಾರು 50 ಮಂದಿ ಪೊಲೀಸರು ಬಂದಾಗ ಹೆಂಗಸರು ಮುಂದಾಗಿ ನಿಂತು ಕಲ್ಲು ತೂರಿದರು. ಮರುವರ್ಷ ಸರಕಾರವು ನೇಮಿಸಿದ ನೇಪಿಯರ್ ಆಯೋಗವು ತನ್ನ ಮೊದಲ ವಿಚಾರಣೆಯನ್ನು ಇಲ್ಲಿಯೇ ನಡೆಸಿತು; 1886ರ ಶಾಸನವು ಗೇಣಿದಾರರಿಗೆ ಭೂಮಿಯ ಮೇಲೆ ಭದ್ರವಾದ ಹಕ್ಕನ್ನು ಕೊಟ್ಟಿತು. ರಸ್ತೆಯ ಬದಿಯಲ್ಲಿ ಕಲ್ಲುಗಳನ್ನು ಪೇರಿಸಿ ಕಟ್ಟಿದ ಸ್ಮಾರಕವೊಂದಿದೆ.

ಅದರ ಮುಂದೆ ನಿಂತಾಗ ನನ್ನ ಚಿತ್ತವು ತಟ್ಟನೆ ಸಾಗರ ಸೀಮೆಯ ಕಾಗೋಡಿಗೆ ಹೋಯಿತು. 1951ರಲ್ಲಿ, ಗೇಣಿಯನ್ನು ಅಳೆಯುವ ಕೊಳಗದ ಗಾತ್ರದಿಂದ ಮೊದಲಾದ ಜಗಳವು ಸತ್ಯಾಗ್ರಹವಾಗಿ, ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದ ಕಥೆಯನ್ನು ಕೇಳುತ್ತಲೇ ನಾನು ಬೆಳೆದವಳು. ಎರಡು ಊರುಗಳನ್ನೂ ಬಲ್ಲವರೊಬ್ಬರು ಆಗ ಪಕ್ಕದಲ್ಲಿದ್ದಿದ್ದರೆ ‘ಕೊಳಗ’ ಎಂಬ ಒಂದೇ ಮಾತು ಸಾಕಾಗುತ್ತಿತ್ತು. ಅಮ್ಮನ ಪ್ರಶ್ನೆ ಇದನ್ನೇ ಕುರಿತದ್ದಾಗಿತ್ತು. ಒಂಟಿಪಯಣದ ನಿಜವಾದ ಕಷ್ಟವು ಜ್ವರವೂ ಅಲ್ಲ, ಇಮ್ಮಡಿ ಬಾಡಿಗೆಯೂ ಅಲ್ಲ.

ಅಷ್ಟರಲ್ಲಿ ನಾಯಿಯೊಂದಿಗೆ ಬೇಲಿಯ ಅಂಚಿನಲ್ಲಿ ಬರುತ್ತಿದ್ದ ಮುದುಕನೊಬ್ಬನು ನಿಂತು ಎಲ್ಲಿಯವಳೆಂದು ಕೇಳಿದನು. ಗುಂಪಿನಲ್ಲಿದ್ದರೆ ಕೇಳುತ್ತಿದ್ದನೋ ಇಲ್ಲವೋ. ಗ್ಲಾಸ್ಗೋದಿಂದ ಬಂದೆನೆಂದಾಗ, ‘ಆ ಪೊಲೀಸರೂ ಗ್ಲಾಸ್ಗೋದಿಂದಲೇ ಬಂದವರು. ನೀವು ಅವರಿಗಿಂತ ಸೌಮ್ಯವಾಗಿ ಕಾಣುತ್ತೀರಿ’ ಎಂದನು, ನಗದೆ. ನನಗೆ ಮಾತು ಬಂದಿತು. ಕಾಗೋಡು, ಕೊಳಗ, ಗೇಣಿ ಎಲ್ಲವನ್ನೂ ನನಗೆ ಬಂದಂತೆ ವಿವರಿಸಿದೆನು. ಆತನು ಕೋಲಿನ ಮೇಲೆ ಎರಡೂ ಕೈಗಳನ್ನೂರಿ ಕೊನೆಯವರೆಗೆ ಕೇಳಿ, ‘ಗೆದ್ದಿರಾ?’ ಎಂದನು. ಒಡನೆಯೇ ಗೆಲ್ಲಲಿಲ್ಲ, 1974ರಲ್ಲಿ ಉಳುವವನಿಗೇ ಭೂಮಿಯನ್ನು ಕೊಡುವ ಕಾನೂನು ಬಂದಿತೆಂದೆನು. ‘ನಿಮಗೆ 23 ವರ್ಷ ಹಿಡಿಯಿತು, ನಮಗೆ ನಾಲ್ಕು’ ಎಂದು ಲೆಕ್ಕ ಹಾಕಿ, ನಾಯಿಗೆ ಸಿಳ್ಳು ಹಾಕಿ, ಹೊರಟುಹೋದನು.

ಸ್ಕೈಗೆ ಹೋಗುವವರಿಗೆ ನಾನು ಹೇಳಬಹುದಾದುದು ಇಷ್ಟೇ. ಫೋರ್ಟ್ ವಿಲಿಯಂ ಬಿಟ್ಟ ಮೇಲೆ ಎಡಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿರಿ. ಭಾನುವಾರ ಬಸ್ಸುಗಳು ವಿರಳವಾದುದರಿಂದ ಶನಿವಾರದೊಳಗೆ ಸುತ್ತಾಟ ಮುಗಿಸಿರಿ. ಜ್ವರದ ಮಾತ್ರೆಗಳು ಚೀಲದಲ್ಲಿರಲಿ. ಬಂಡೆಗಳನ್ನು ನೋಡುವುದಕ್ಕಾಗಿ ಬ್ರೇಸ್ ಅನ್ನು ಬಿಟ್ಟು ಬರಬೇಡಿರಿ. ಅಲ್ಲಿ ಪ್ರವೇಶಶುಲ್ಕವಿಲ್ಲ, ಚಹಾದ ಅಂಗಡಿಯೂ ಇಲ್ಲ.