ಸಿಪಾಯಿಯ ಬೆನ್ನು, ಯಂತ್ರದ ಹೇಸರಗತ್ತೆ

2003ರಲ್ಲಿ ಆಫ್ಘಾನಿಸ್ತಾನದ ಬೆಟ್ಟಗಳಲ್ಲಿ ಅಮೆರಿಕದ ಸೇನೆ ತನ್ನ ಕಾಲಾಳುಗಳು ಹೊತ್ತ ಹೊರೆಯನ್ನು ತೂಕಕ್ಕೆ ಹಾಕಿ ನೋಡಿತು. ಕಾದಾಟಕ್ಕೆ ಇಳಿಯುವಾಗ ಸರಾಸರಿ 29 ಕಿಲೋ. ಬೆನ್ನುಚೀಲವೂ ಸೇರಿ ನಡೆಯುವಾಗ 46. ತೀರಾ ಕಠಿಣ ಸಂದರ್ಭದಲ್ಲಿ 60. ಒಂದು ಸಿಮೆಂಟ್ ಮೂಟೆಗಿಂತ ಹೆಚ್ಚು! ಮಕ್ಕಳ ಪಾಟಿಚೀಲ ದೇಹತೂಕದ ಹತ್ತನೇ ಒಂದಂಶ ಮೀರಬಾರದೆಂದು ನಮ್ಮಲ್ಲಿ 2020ರ ನೀತಿ ಹೇಳುತ್ತದೆ. ಸಿಪಾಯಿಗೂ ಮೂರನೇ ಒಂದಂಶವೆಂಬ ಹಳೆಯ ಲೆಕ್ಕವಿದೆ. ರಣರಂಗದಲ್ಲಿ ಅದನ್ನು ಕೇಳುವವರಾರು?

ವಿಚಿತ್ರವೆಂದರೆ, ವಿಜ್ಞಾನ ಬೆಳೆದಂತೆ ಈ ಹೊರೆ ಇಳಿಯಲಿಲ್ಲ, ಏರಿತು. ಗುಂಡು ತಡೆಯುವ ಕವಚ, ರೇಡಿಯೋ, ಕತ್ತಲಲ್ಲಿ ಕಾಣುವ ಕನ್ನಡಕ, ಇವಕ್ಕೆಲ್ಲ ಕಟ್ಟುಗಟ್ಟಲೆ ಬ್ಯಾಟರಿ. ಹೊರೆ ಹೆಚ್ಚಿದರೆ ಮೈ ಮುಂದಕ್ಕೆ ಬಾಗುತ್ತದೆ, ಮಂಡಿ ಸವೆಯುತ್ತದೆ. ಗುಂಡು ಹಾರಿದಾಗ ಬಂಡೆಯ ಮರೆಗೆ ಓಡಲು ಒಂದೆರಡು ಕ್ಷಣ ತಡವಾಗುತ್ತದೆ. ಆ ಕ್ಷಣವೇ ಜೀವ.

ಹೊರೆಯನ್ನು ಚಾಲಕನಿಲ್ಲದ ವಾಹನಕ್ಕೆ ವಹಿಸಿದರೆ? ಬೋಸ್ಟನ್ ಡೈನಮಿಕ್ಸ್ ಕಂಪನಿ ಕಟ್ಟಿದ ನಾಲ್ಕು ಕಾಲಿನ 'ಎಲ್ಎಸ್3' ಸುಮಾರು 180 ಕಿಲೋ ಹೊರುತ್ತಿತ್ತು, ಮುಗ್ಗರಿಸಿ ಬಿದ್ದರೆ ತಾನೇ ಏಳುತ್ತಿತ್ತು. 2014ರಲ್ಲಿ ಹವಾಯಿಯ ಕಾಡುದಾರಿಯಲ್ಲಿ ಸೈನಿಕರ ಹಿಂದೆ ನಡೆದೂ ತೋರಿಸಿತು. ಆದರೆ ಪೆಟ್ರೋಲ್ ಎಂಜಿನ್ನಿನ ಗದ್ದಲ! ಹೊಂಚು ಹಾಕಿ ಹೋಗುವವರ ಹಿಂದೆ ತಮಟೆ ಬಾರಿಸಿದಂತೆ. 2015ರ ಕೊನೆಯಲ್ಲಿ ಅದನ್ನು ಮೂಲೆಗಿಟ್ಟರು. ಬ್ಯಾಟರಿಯಿಂದ ನಡೆಯುವ ಅದರ ತಮ್ಮ 'ಸ್ಪಾಟ್' ಮೆಲ್ಲಗೆ ನಡೆಯಿತು, ಹೊತ್ತದ್ದು ಮಾತ್ರ 18 ಕಿಲೋ.

ಇಲ್ಲಿ ತಪ್ಪು ಎಂಜಿನಿಯರರದಲ್ಲ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಹೆಚ್ಚೆಂದರೆ ಕಾಲು ಯೂನಿಟ್ಟಿನ ಆಸುಪಾಸು. ಮುಕ್ಕಾಲು ಪಾಲನ್ನು ಎಂಜಿನ್ ಬಿಸಿಯಾಗಿ ಕಳೆದರೂ ಪೆಟ್ರೋಲೇ ಮುಂದು. ಜೊತೆಗೆ ಕಾಲುಳ್ಳ ಯಂತ್ರ ಹೆಜ್ಜೆಹೆಜ್ಜೆಗೂ ತನ್ನ ಭಾರವನ್ನೇ ಎತ್ತಿ ಇಳಿಸಬೇಕು. ಚಕ್ರಕ್ಕೆ ಆ ಗೋಳಿಲ್ಲ.

ಹೀಗಾಗಿಯೇ 2019ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡದ್ದು ಎಂಟು ಚಕ್ರದ ಗಾಡಿಯನ್ನು. 450 ಕಿಲೋ ಹೊತ್ತು ಮೂರು ದಿನದಲ್ಲಿ 96 ಕಿಲೋಮೀಟರ್ ಸಾಗಬೇಕು, ದಾರಿಯಲ್ಲೇ ಸಿಪಾಯಿಗಳ ಬ್ಯಾಟರಿಗಳಿಗೆ ವಿದ್ಯುತ್ ತುಂಬಬೇಕು ಎಂಬುದು ಷರತ್ತು. ಈ ಎರಡನೆಯದೇ ಜಾಣತನದ್ದು; ಹೊರೆಯನ್ನು ಬುಡದಲ್ಲೇ ಕಡಿಯುತ್ತದೆ. ಉಕ್ರೇನಿನಲ್ಲಂತೂ ಇಂಥ ಗಾಡಿಗಳು ಮದ್ದುಗುಂಡು ಒಯ್ದು, ಮರಳುವಾಗ ಗಾಯಾಳುಗಳನ್ನು ತಂದಿವೆ.

ನಮ್ಮ ಸೇನೆಯ ಯಂತ್ರ ಹೇಸರಗತ್ತೆಗಳು 2025ರ ಜನವರಿ 15ರಂದು ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ಹೆಜ್ಜೆ ಹಾಕಿದವು. ನೋಡಲು ಚೆಂದ. ಆದರೆ ಹೊರುವುದು ಸುಮಾರು 15 ಕಿಲೋ. ಹುಲ್ಲು ತಿನ್ನುವ ಹೇಸರಗತ್ತೆಗೆ ಇನ್ನೂ ಸಾಟಿಯಲ್ಲ.

ಗಾಡಿ ಇದೆಯೆಂದು ಅಧಿಕಾರಿಗಳು ಇನ್ನಷ್ಟು ಸಾಮಾನು ಹೇರದಿರುತ್ತಾರೆಯೇ? ಕೊರಕಲಿನಲ್ಲಿ ಅದು ಕೆಟ್ಟು ನಿಂತರೆ? ಅಮೆರಿಕದ ಒಂದು ಸ್ಕ್ವಾಡಿನಲ್ಲಿ ಇರುವುದು ಒಂಬತ್ತು ಜನ. ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಮೈಮೇಲಿನ ಹೊರೆಯಲ್ಲದೆ, ತಲೆಗೆ ಮತ್ತೆ 50 ಕಿಲೋ.