ಮೊದಲು ಪಾದ, ಕೊನೆಗೆ ಕೈ

ದೇಹಶ್ರಮದ ಕೆಲಸಗಳಲ್ಲಿ ಬಲವು ಎಲ್ಲಿ ಹುಟ್ಟುತ್ತದೆ ಎಂಬುದು ನೋಡುವವರ ಕಣ್ಣಿಗೆ ಸುಲಭವಾಗಿ ಗೋಚರಿಸುವುದಿಲ್ಲ. ಕಟ್ಟಿಗೆ ಒಡೆಯುವವನ ತೋಳನ್ನು ಎಲ್ಲರೂ ಮೆಚ್ಚುತ್ತಾರೆ. ಅವನು ನೆಲಕ್ಕೆ ಊರಿದ ಪಾದಗಳನ್ನು ಯಾರೂ ಗಮನಿಸುವುದಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯುವವನು ಕವಣೆ ಬೀಸಿದಾಗ ನಮ್ಮ ದೃಷ್ಟಿ ಕಲ್ಲಿನ ಹಿಂದೆ ಓಡುತ್ತದೆಯೇ ಹೊರತು, ಅದಕ್ಕೆ ಮೊದಲೇ ತಿರುಗಿದ ಅವನ ಸೊಂಟದ ಕಡೆಗೆ ಹೊರಳುವುದಿಲ್ಲ. ಅಮೆರಿಕದ ಜನಪ್ರಿಯ ಆಟವಾದ ಬೇಸ್‌ಬಾಲಿನಲ್ಲಿ ಬ್ಯಾಟು ಬೀಸುವ ವಿದ್ಯೆಯೂ ಇದೇ ಬಗೆಯದು.

ನಮ್ಮ ಮಗನ ಸಂಸಾರ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿರುವುದರಿಂದ ಪತಿಪತ್ನಿಯರಾದ ನಾವು ಒಂದು ವಸಂತಕಾಲವನ್ನು ಅಲ್ಲಿ ಕಳೆದೆವು. ಒಂಬತ್ತು ವರ್ಷದ ಮೊಮ್ಮಗನು ಆಗ ಲಿಟ್ಲ್ ಲೀಗ್ ತಂಡವೊಂದರಲ್ಲಿ ಆಡುತ್ತಿದ್ದನು. ಮಕ್ಕಳಿಗಾಗಿಯೇ ಇರುವ ಈ ವ್ಯವಸ್ಥೆ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಆರಂಭವಾಯಿತು. 1974ರಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಪ್ರವೇಶ ದೊರೆಯಿತು. ಸಂಜೆಯ ಹೊತ್ತು ಮೈದಾನದ ಬೇಲಿಯ ಪಕ್ಕದಲ್ಲಿ ಕುಳಿತು, ಕ್ರಿಕೆಟ್ಟನ್ನು ಮಾತ್ರ ಬಲ್ಲ ನಾವು ಈ ಆಟದ ಮರ್ಮವನ್ನು ತಿಳಿಯಲು ತೊಡಗಿದೆವು.

ಕ್ರಿಕೆಟ್ಟಿನ ಬ್ಯಾಟಿಗೆ ಚಪ್ಪಟೆಯಾದ ಮುಖವಿದೆ. ಅದರ ಅಗಲ ನಾಲ್ಕೂಕಾಲು ಅಂಗುಲದವರೆಗೆ ಇರಬಹುದು. ಬೇಸ್‌ಬಾಲಿನ ಬ್ಯಾಟಾದರೋ ಒನಕೆಯಂತೆ ದುಂಡು. ದೊಡ್ಡವರ ವೃತ್ತಿಪರ ಆಟದಲ್ಲಿಯೂ ಅದರ ವ್ಯಾಸ 2.61 ಅಂಗುಲವನ್ನು ಮೀರುವಂತಿಲ್ಲ. ಚೆಂಡೂ ದುಂಡು, ಬ್ಯಾಟೂ ದುಂಡು. ತಗಲುವ ಸ್ಥಾನ ಕೂದಲೆಳೆಯಷ್ಟು ಕೆಳಗಾದರೆ ಚೆಂಡು ಮುಗಿಲಿಗೇರುತ್ತದೆ, ಮೇಲಾದರೆ ನೆಲ ಹಿಡಿಯುತ್ತದೆ. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಕಾದು, ತಡೆದು, ಗಂಟೆಗಟ್ಟಲೆ ನಿಲ್ಲುವ ಅವಕಾಶ ಇಲ್ಲಿ ದಾಂಡಿಗನಿಗಿಲ್ಲ. ಮೂರು ಸ್ಟ್ರೈಕುಗಳಾದರೆ ಅವನು ಮರಳಬೇಕು.

ಇನ್ನು ಕಾಲಾವಕಾಶದ ಮಾತು. ದೊಡ್ಡವರ ಆಟದಲ್ಲಿ ಚೆಂಡೆಸೆಯುವ ಪಿಚರನಿಗೂ ದಾಂಡಿಗನ ಮುಂದಿನ ಹೋಮ್ ಪ್ಲೇಟಿಗೂ 60 ಅಡಿ 6 ಅಂಗುಲ ಅಂತರ. ಗಂಟೆಗೆ 95 ಮೈಲಿ ವೇಗದ ಎಸೆತವು ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಸಮಯದಲ್ಲಿ ಬಂದು ಮುಟ್ಟುತ್ತದೆ. ಬ್ಯಾಟು ಬೀಸುವುದಕ್ಕೇ ಸುಮಾರು ಒಂದೂವರೆ ಭಾಗ ಬೇಕು. ಉಳಿದುದರಲ್ಲಿ ಚೆಂಡನ್ನು ಕಂಡು, ಅದರ ಗತಿಯನ್ನು ಅರಿತು, ಹೊಡೆಯುವುದೋ ಬಿಡುವುದೋ ಎಂದು ನಿರ್ಧರಿಸಬೇಕು. ಚೆಂಡನ್ನು ಕೊನೆಯವರೆಗೂ ನೋಡು ಎಂದು ಹಿರಿಯರು ಹೇಳುವುದುಂಟು. ಆದರೆ ಪ್ಲೇಟಿಗೆ ಹತ್ತಿರವಾದ ಕೊನೆಯ ಕೆಲವು ಅಡಿಗಳಲ್ಲಿ ನುರಿತ ಆಟಗಾರನ ಕಣ್ಣು ಕೂಡ ಚೆಂಡನ್ನು ಹಿಂಬಾಲಿಸಲಾರದು ಎಂದು ಬಾಹಿಲ್ ಮತ್ತು ಲಾರಿಟ್ಜ್ ಎಂಬ ಸಂಶೋಧಕರು 1984ರಲ್ಲಿ ತೋರಿಸಿಕೊಟ್ಟರು. ಆದುದರಿಂದ ತಲೆಯನ್ನು ಅಲುಗಿಸದೆ, ಮೊದಲ ಭಾಗದ ಪಯಣವನ್ನು ಚೆನ್ನಾಗಿ ನೋಡುವುದೇ ಮುಖ್ಯ.

ಹೀಗಿರುವಾಗ ದೇಹವು ಒಂದು ಕ್ರಮವನ್ನು ಅನುಸರಿಸದೆ ಗತ್ಯಂತರವಿಲ್ಲ. ಪಾದಗಳು ಭುಜಗಳಿಗಿಂತ ತುಸು ಅಗಲವಾಗಿ ನಿಲ್ಲಬೇಕು, ಮೊಣಕಾಲು ಸ್ವಲ್ಪ ಬಾಗಿರಬೇಕು. ಬ್ಯಾಟನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿಯದೆ ಬೆರಳುಗಳಲ್ಲಿ ಹಿಡಿಯಬೇಕು. ಬಿಗಿ ಹೆಚ್ಚಾದಷ್ಟೂ ಮಣಿಕಟ್ಟು ಮಂದವಾಗುತ್ತದೆ. ಪಿಚರನು ಕೈಯೆತ್ತುವಾಗ ದಾಂಡಿಗನು ಮೈಭಾರವನ್ನು ಹಿಂಗಾಲಿಗೆ ತಂದುಕೊಂಡು, ಮುಂಗಾಲನ್ನು ಮೆಲ್ಲನೆ ಒಂದು ಚಿಕ್ಕ ಹೆಜ್ಜೆ ಮುಂದಿಡುತ್ತಾನೆ. ಆ ಪಾದ ಊರಿದ ಮೇಲೆ ಸೊಂಟ ತಿರುಗುತ್ತದೆ. ಸೊಂಟದ ಹಿಂದೆ ಭುಜ, ಭುಜದ ಹಿಂದೆ ತೋಳು, ಕಟ್ಟಕಡೆಗೆ ಕೈ ಮತ್ತು ಬ್ಯಾಟು. ಎತ್ತು ಹೊಡೆಯುವ ಬಾರುಕೋಲನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಡಿಕೆ ತಡೆದು ನಿಂತಾಗಲೇ ಬಾರಿನ ತುದಿ ಮಿಂಚುತ್ತದೆ. ಹಾಗೆಯೇ ಊರಿದ ಮುಂಗಾಲು ಗಟ್ಟಿಯಾಗಿ ತಡೆದಾಗ ಕೆಳಗಿನ ಬಲವೆಲ್ಲ ಮೇಲಕ್ಕೇರಿ ಬ್ಯಾಟಿನ ತುದಿಗೆ ಸೇರುತ್ತದೆ. ಕೈಯೇ ಮೊದಲು ಹೊರಟರೆ ಸೊಂಟದ ಬಲ ವ್ಯರ್ಥವಾಗುತ್ತದೆ.

ಈ ವಿದ್ಯೆಯನ್ನು ಶಾಸ್ತ್ರದಂತೆ ಅಭ್ಯಸಿಸಿದವರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ಅಗ್ರಗಣ್ಯರು. ಬ್ಯಾಟನ್ನು ಕೆಳಮುಖವಾಗಿ ಬೀಸಬೇಕೆಂಬ ಬೋಧನೆ ಪ್ರಚಲಿತವಾಗಿದ್ದಾಗ ಅವರು ಅದನ್ನು ಒಪ್ಪಲಿಲ್ಲ. ಪಿಚರನು ದಿಬ್ಬದ ಮೇಲೆ ನಿಂತು ಎಸೆಯುವುದರಿಂದ ಚೆಂಡು ಇಳಿಯುತ್ತಾ ಬರುತ್ತದೆ. ಅದರ ದಾರಿಗೆ ಬ್ಯಾಟಿನ ದಾರಿ ಹೊಂದಬೇಕಾದರೆ ಬೀಸು ತುಸು ಮೇಲ್ಮುಖವಾಗಿರಬೇಕು ಎಂಬುದು ಅವರ ವಾದ. ಚೆಂಡು ಬರಬೇಕಾದ ಆವರಣವನ್ನು 77 ಚೆಂಡುಗಳಷ್ಟು ಸ್ಥಾನಗಳಾಗಿ ವಿಂಗಡಿಸಿ, ಯಾವುದರಲ್ಲಿ ತಮಗೆ ಎಷ್ಟು ಯಶಸ್ಸು ಸಾಧ್ಯವೆಂದು ಅವರು ತಮ್ಮ ಗ್ರಂಥದಲ್ಲಿ ಗುರುತಿಸಿದರು. 1941ರ ಸೆಪ್ಟೆಂಬರ್ 28, ಆ ವರ್ಷದ ಆಟದ ಋತುವಿನ ಕೊನೆಯ ದಿನ, ಅವರ ಸರಾಸರಿ .39955 ಆಗಿತ್ತು. ಆಡದೆ ಕುಳಿತಿದ್ದರೂ ಅದು .400 ಎಂದೇ ದಾಖಲಾಗುತ್ತಿತ್ತು. ಅವರು ಫಿಲಡೆಲ್ಫಿಯಾದಲ್ಲಿ ಅಂದಿನ ಎರಡೂ ಪಂದ್ಯಗಳನ್ನು ಆಡಿದರು. ಎಂಟರಲ್ಲಿ ಆರು ಬಾರಿ ಯಶಸ್ವಿಯಾಗಿ.406ಕ್ಕೆ ಮುಟ್ಟಿದರು. ಅಂದರೆ ಆ ಶ್ರೇಷ್ಠ ವರ್ಷದಲ್ಲಿಯೂ ಹತ್ತರಲ್ಲಿ ಸುಮಾರು ಆರು ಬಾರಿ ಅವರು ವಿಫಲರಾಗಿದ್ದರು ಎಂಬುದನ್ನು ಮರೆಯಲಾಗದು.

ಹಾಗೆಂದು ಎಲ್ಲರೂ ಅವರಂತೆಯೇ ನಿಲ್ಲಬೇಕೆಂದಿಲ್ಲ. ಜಪಾನಿನ ಸದಹರು ಓ 1962ರಿಂದ ಮುಂಗಾಲನ್ನು ಮೇಲೆತ್ತಿ, ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತು ಆಡಿದರು. ಗುರು ಹಿರೋಶಿ ಅರಕಾವಾ ಅವರ ಮಾರ್ಗದರ್ಶನದಲ್ಲಿ, ತೂಗುಬಿಟ್ಟ ಕಾಗದವನ್ನು ಕತ್ತಿಯಿಂದ ಕತ್ತರಿಸುವ ಅಭ್ಯಾಸ ಮಾಡಿದರು. 1980ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ಹೋಮ್‌ರನ್ನುಗಳು 868. ನಿಲುವು ಬೇರೆ, ಒಳಗಿನ ಕ್ರಮ ಒಂದೇ: ಎತ್ತಿದ ಪಾದ ನೆಲಕ್ಕೆ ಊರಿದ ಮೇಲೆಯೇ ಬ್ಯಾಟು ಬರುತ್ತಿತ್ತು.

ನಮ್ಮ ಮೊಮ್ಮಗನ ತೊಡಕು ಈ ಪಾದದಲ್ಲಿಯೇ ಇತ್ತು. ಒಮ್ಮೆ ಚೆಂಡು ಪಕ್ಕೆಗೆ ಬಡಿದ ಮೇಲೆ, ಪ್ರತಿ ಎಸೆತಕ್ಕೂ ಅವನ ಮುಂಗಾಲು ಪಿಚರನ ಕಡೆಗೆ ಹೋಗದೆ ಪಕ್ಕಕ್ಕೆ ಸರಿಯುತ್ತಿತ್ತು. ಪಾದ ಸರಿದೊಡನೆ ಸೊಂಟ ಬೇಗ ತೆರೆದು, ಬ್ಯಾಟು ಚೆಂಡನ್ನು ಮುಟ್ಟದೇ ಹೋಗುತ್ತಿತ್ತು. ಬೇಲಿಯ ಈಚೆಯಿಂದ ತಂದೆತಾಯಂದಿರು ಜೋರಾಗಿ ಬೀಸು, ಮೊಣಕೈ ಎತ್ತು, ಕಣ್ಣು ಬಿಡು ಎಂದು ಏಕಕಾಲಕ್ಕೆ ಕೂಗುತ್ತಿದ್ದರು. ಒಂದು ರಾತ್ರಿ ಹುಡುಗನು, "ಅಜ್ಜಾ, ಚೆಂಡು ನನ್ನ ಮ್ಯಾಲೇ ಬರ್ತದ. ನಾ ಇನ್ನ ಆಡಾಕ ಹೋಗೂದಿಲ್ಲ" ಎಂದು ಅಳತೊಡಗಿದನು. ಆಟ ಬಿಡುವುದು ದೊಡ್ಡ ಮಾತಲ್ಲ. ಆದರೆ ಭಯದಿಂದ ಬಿಟ್ಟೆನೆಂಬ ನೆನಪು ಮಗುವಿನಲ್ಲಿ ಉಳಿಯಬಾರದೆಂದು ನಮಗೆ ಅನಿಸಿತು.

ಮಗನು ಈ ವಿಷಯವನ್ನು ತರಬೇತುದಾರರಿಗೆ ತಿಳಿಸಿದನು. ಅವರು ಹುಡುಗನಿಗೆ ಧೈರ್ಯದ ಉಪದೇಶ ಮಾಡಲಿಲ್ಲ. ಮೆತ್ತನೆಯ ಚೆಂಡಿನಿಂದ, ಮೈಮೇಲೆ ಬಂದಾಗ ಬೆನ್ನು ತಿರುಗಿಸಿ ಗದ್ದವನ್ನು ಎದೆಗೊತ್ತಿಕೊಳ್ಳುವುದನ್ನು ಮೊದಲು ಕಲಿಸಿದರು. ಬಳಿಕ ಚೆಂಡನ್ನು ಕಂಬದಂಥ ಪುಟ್ಟ ಆಧಾರದ ಮೇಲಿಟ್ಟು, ಹುಡುಗನ ಹಿಮ್ಮಡಿಗಳ ಹಿಂದೆ ನೆಲದ ಮೇಲೆ ಒಂದು ಬ್ಯಾಟನ್ನು ಅಡ್ಡವಾಗಿಟ್ಟರು. ಪಾದ ಪಕ್ಕಕ್ಕೆ ಸರಿದರೆ ಅದನ್ನು ತುಳಿದಂತಾಗುತ್ತಿತ್ತು. ಬೇರೆ ಮಾತೇ ಬೇಕಿರಲಿಲ್ಲ. ಮನೆಯ ಹಿತ್ತಲಿನಲ್ಲಿ ನಾವೂ ಅದೇ ಕ್ರಮವನ್ನು ನಡೆಸಿದೆವು. ಮೂರು ವಾರಗಳ ನಂತರದ ಪಂದ್ಯದಲ್ಲಿ ಅವನು ಹೊಡೆದ ಚೆಂಡು ನೆಲದಲ್ಲಿ ಉರುಳಿ ಎದುರಾಳಿಯ ಕೈಸೇರಿತು, ಅವನು ಔಟಾದನು. ಆದರೆ ಅವನ ಪಾದ ಸರಿದಿರಲಿಲ್ಲ. ಹಿಂದಿರುಗಿ ಬಂದವನ ಮುಖದಲ್ಲಿ ನಗೆಯಿತ್ತು.

ಭಯವು ಮನಸ್ಸಿನಲ್ಲಿ ಹುಟ್ಟಿದರೂ ಮೊದಲು ಹಿಡಿಯುವುದು ಪಾದವನ್ನು. ಪಾದವನ್ನು ನಿಲ್ಲಿಸಲು ಕಲಿಸಿದರೆ ಮನಸ್ಸು ತಾನಾಗಿ ಹಿಂಬಾಲಿಸುತ್ತದೆ. ಮಕ್ಕಳು ಪಾಠ ಓದಲಿ, ಹಾಡು ಕಲಿಯಲಿ, ಆಟವಾಡಲಿ, ಹಿರಿಯರಾದವರು ಹತ್ತು ಮಾತುಗಳನ್ನು ಒಮ್ಮೆಲೇ ಸುರಿಯದೆ, ಯಾವುದು ಮೊದಲೋ ಆ ಒಂದನ್ನು ಹೇಳಿ, ಅದು ನೆಲೆಗೊಳ್ಳುವವರೆಗೆ ಕಾಯುವುದು ಲೇಸು. ಹತ್ತರಲ್ಲಿ ಆರು ಬಾರಿ ತಪ್ಪಿದವರನ್ನೇ ಶ್ರೇಷ್ಠರೆಂದು ಕೊಂಡಾಡುವ ಆಟವೊಂದು ಲೋಕದಲ್ಲಿರುವಾಗ, ನಮ್ಮ ಮಕ್ಕಳ ಒಂದೆರಡು ತಪ್ಪುಗಳಿಗೆ ನಾವು ಅವಸರಪಡಬೇಕಾದ ಕಾರಣವಿಲ್ಲ.