ಲೈಡನ್ ನಗರದಲ್ಲಿ ಎರಡು ದಿನ

ಜರ್ಮನಿಯ ಪಶ್ಚಿಮದ ಅಂಚಿನಲ್ಲಿರುವ ಆಖೆನ್ ನಗರವು ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಈ ಮೂರು ದೇಶಗಳು ಕೂಡುವ ಎಡೆಯಲ್ಲಿದೆ. ಅಲ್ಲಿ ಓದುತ್ತಿರುವ ನಮಗೆ ಶನಿವಾರ, ಭಾನುವಾರಗಳಂದು ನೆರೆಯ ದೇಶಕ್ಕೆ ಹೋಗಿಬರುವುದು ಹುಬ್ಬಳ್ಳಿಯವರು ಬೆಳಗಾವಿಗೆ ಹೋಗಿಬಂದಷ್ಟೇ ಸಹಜ. 2024ರ ಮೇ 4ರ ಶನಿವಾರ ಬೆಳಿಗ್ಗೆ ನಾವು ಮೂವರು ನೆದರ್ಲೆಂಡ್ಸ್‌ನ ಲೈಡನ್ ನಗರಕ್ಕೆ ಹೊರಟೆವು. ಇಬ್ಬರು ಕರ್ನಾಟಕದವರು, ಮೂರನೆಯವನು ನಮ್ಮ ಜರ್ಮನ್ ಸಹಪಾಠಿ. ಲೈಡನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಧಾರವಾಡದ ಗೆಳತಿಯೊಬ್ಬಳ ಆಹ್ವಾನವೇ ಈ ಪ್ರವಾಸಕ್ಕೆ ಕಾರಣವಾಗಿತ್ತು.

ಹೇರ್ಲೆನ್‌ನಲ್ಲಿ ಗಾಡಿ ಬದಲಿಸಿ ಉಟ್ರೆಕ್ಟ್ ಮಾರ್ಗವಾಗಿ ಸಾಗಿದೆವು. ಗಡಿ ದಾಟಿದ್ದು ನಮ್ಮ ಅರಿವಿಗೇ ಬರಲಿಲ್ಲ. ಆದರೆ ಜರ್ಮನ್ ಗೆಳೆಯನು ಮಾತ್ರ ಮೌನವಾಗಿದ್ದನು. ಕಾರಣ ಕೇಳಿದಾಗ, “ಇಂದು ಸಂಜೆ ಈ ದೇಶದವರು ಯುದ್ಧದಲ್ಲಿ ಮಡಿದವರನ್ನು ನೆನೆಯುತ್ತಾರೆ. ಅವರನ್ನು ಕೊಂದ ಸೈನ್ಯ ನನ್ನ ನಾಡಿನದು. ಆ ಹೊತ್ತಿನಲ್ಲಿ ನಾನು ಕೋಣೆಯಲ್ಲೇ ಉಳಿಯುತ್ತೇನೆ, ನೀವು ಹೋಗಿಬನ್ನಿ” ಎಂದನು. ಅವನಿಗೆ ಏನು ಹೇಳಬೇಕೆಂದು ನಮಗೆ ತೋಚಲಿಲ್ಲ.

1940ರ ಮೇ ತಿಂಗಳಿನಿಂದ 1945ರ ಮೇ ತಿಂಗಳವರೆಗೆ ನೆದರ್ಲೆಂಡ್ಸ್ ಹಿಟ್ಲರನ ಸೇನೆಯ ಹಿಡಿತದಲ್ಲಿತ್ತು. ಆ ಐದು ವರ್ಷಗಳಲ್ಲಿ ಇಲ್ಲಿಂದ ಸಾಗಿಸಲ್ಪಟ್ಟು ಹತರಾದ ಯೆಹೂದಿಗಳ ಸಂಖ್ಯೆಯೇ ಒಂದು ಲಕ್ಷಕ್ಕೂ ಹೆಚ್ಚು. ಆದುದರಿಂದ ಮೇ 4 ಇವರಿಗೆ ಸ್ಮರಣೆಯ ದಿನ. ಮೇ 5 ವಿಮೋಚನೆಯ ದಿನ. ಮೊದಲು ಶೋಕ, ಮರುದಿನ ಸಂಭ್ರಮ: ಈ ಕ್ರಮವನ್ನು ಇವರು ತಪ್ಪದೆ ಪಾಲಿಸುತ್ತಾರೆ.

ಗೆಳತಿಯು ಎಂಬತ್ತಾರು ವರ್ಷದ ವೃದ್ಧೆಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಆ ತಾಯಿ ಬಾಗಿಲಲ್ಲೇ ನಿಂತು ನಮ್ಮನ್ನು ಸ್ವಾಗತಿಸಿದರು. ಮಧ್ಯಾಹ್ನದ ಊಟಕ್ಕೆ ಗಜ್ಜರಿ, ಈರುಳ್ಳಿ, ಆಲೂಗಡ್ಡೆಗಳನ್ನು ಬೇಯಿಸಿ ಮಸೆದ ‘ಹುಟ್ಸ್‌ಪಾಟ್’ ಎಂಬ ಖಾದ್ಯ ಸಿದ್ಧವಾಗಿತ್ತು. ಇದರೊಡನೆ ಮಾಂಸವನ್ನು ಬಡಿಸುವುದು ಅಲ್ಲಿಯ ವಾಡಿಕೆ. ನಮಗಾಗಿ ಅದನ್ನು ಬಿಟ್ಟಿದ್ದರು. ಗೆಳತಿಯು ಧಾರವಾಡದಿಂದ ಬಂದ ಶೇಂಗಾ ಚಟ್ನಿಪುಡಿಯನ್ನು ಪಕ್ಕದಲ್ಲಿಟ್ಟಳು. ವೃದ್ಧೆಯೂ ಒಂದು ಚಮಚ ಬಡಿಸಿಕೊಂಡು, ನೀರು ಕುಡಿದು, ಮತ್ತೊಂದು ಚಮಚ ಕೇಳಿದರು.

ಈ ಸಾದಾ ಊಟದ ಹಿಂದೆ ಊರಿನ ಇತಿಹಾಸವೇ ಇದೆ. 1573–74ರಲ್ಲಿ ಸ್ಪೇನ್ ದೇಶದ ಸೈನ್ಯವು ಲೈಡನ್ನಿಗೆ ಮುತ್ತಿಗೆ ಹಾಕಿದಾಗ ಜನರು ಹಸಿವಿನಿಂದಲೂ ರೋಗದಿಂದಲೂ ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಆದರೂ ಊರು ಶರಣಾಗಲಿಲ್ಲ. ಕೊನೆಗೆ ದಂಡನಾಯಕನಾದ ಆರೆಂಜಿನ ವಿಲಿಯಂನ ಕಡೆಯವರು ತಮ್ಮದೇ ನಾಡಿನ ನೀರುಗಟ್ಟೆಗಳನ್ನು ಒಡೆದು, ಹೊಲಗಳ ಮೇಲೆ ನೀರು ಹರಿಸಿ, ಆ ನೀರಿನ ಮೇಲೆ ಚಪ್ಪಟೆ ದೋಣಿಗಳಲ್ಲಿ ಬಂದರು. 1574ರ ಅಕ್ಟೋಬರ್ 3ರಂದು ಊರು ಬಿಡುಗಡೆ ಹೊಂದಿತು. ಶತ್ರುಗಳು ಬಿಟ್ಟೋಡಿದ ಶಿಬಿರದಲ್ಲಿ ಹುಡುಗನೊಬ್ಬನಿಗೆ ಸಿಕ್ಕ ಪಾತ್ರೆಯಲ್ಲಿ ಇಂಥದೇ ಅಡುಗೆಯಿತ್ತೆಂದು ಪ್ರತೀತಿ. ಇಂದಿಗೂ ಪ್ರತಿವರ್ಷ ಆ ದಿನ ಊರಿನ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ.

ಜನರ ಈ ಧೈರ್ಯಕ್ಕೆ ಪ್ರತಿಯಾಗಿ ವಿಲಿಯಂ ಮರುವರ್ಷ, 1575ರಲ್ಲಿ, ಊರಿಗೆ ಒಂದು ವಿಶ್ವವಿದ್ಯಾಲಯವನ್ನು ಕೊಟ್ಟನು. ಕಂದಾಯದ ವಿನಾಯಿತಿ ಬೇಕೋ, ವಿದ್ಯಾಲಯ ಬೇಕೋ ಎಂದು ಕೇಳಿದಾಗ ಜನರು ವಿದ್ಯಾಲಯವನ್ನೇ ಆರಿಸಿಕೊಂಡರೆಂಬ ಐತಿಹ್ಯವೂ ಉಂಟು. ಭಾರತದ ಮಟ್ಟಿಗೂ ಈ ಸಂಸ್ಥೆ ಅಪರಿಚಿತವಲ್ಲ. ಕಾಶಿಯಲ್ಲಿ ಅಧ್ಯಾಪಕರಾಗಿದ್ದ ಹೆಂಡ್ರಿಕ್ ಕೆರ್ನ್ ಅವರು 1865ರಲ್ಲಿ ಇಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು.

ಊಟದ ತರುವಾಯ ಗೆಳತಿಯು ನಮ್ಮನ್ನು ರಾಪೆನ್‌ಬರ್ಗ್ ಕಾಲುವೆಯ ದಂಡೆಯಲ್ಲಿರುವ ವಿಶ್ವವಿದ್ಯಾಲಯದ ಹಳೆಯ ಕಟ್ಟಡಕ್ಕೆ ಕರೆದೊಯ್ದಳು. 1940ರ ನವೆಂಬರ್ 26ರಂದು ಕಾನೂನು ವಿಭಾಗದ ಮುಖ್ಯಸ್ಥರಾದ ಕ್ಲೇವರಿಂಗ ಅವರು ಇಲ್ಲಿ ನಿಂತು ಮಾತನಾಡಿದರು. ಯೆಹೂದಿ ಎಂಬ ಒಂದೇ ಕಾರಣಕ್ಕೆ ತಮ್ಮ ಗುರುಗಳಾದ ಮೇಯರ್ಸ್ ಅವರನ್ನು ಹುದ್ದೆಯಿಂದ ತೆಗೆದುದನ್ನು ಅವರು ಬಹಿರಂಗವಾಗಿ ಪ್ರತಿಭಟಿಸಿದರು. ವಿದ್ಯಾರ್ಥಿಗಳು ಆ ಭಾಷಣದ ಪ್ರತಿಗಳನ್ನು ಮಾಡಿ ಗುಟ್ಟಾಗಿ ಹಂಚಿದರು. ಕ್ಲೇವರಿಂಗ ಅವರಿಗೆ ಸೆರೆಮನೆ ಪ್ರಾಪ್ತವಾಯಿತು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಗುರುವಿಗಾಗಿ ಶಿಷ್ಯನು ತೆತ್ತ ಬೆಲೆಯ ಕಥೆಯನ್ನು ಕೇಳುತ್ತ ನಾವು ಅಲ್ಲಿ ಬಹಳ ಹೊತ್ತು ನಿಂತೆವು.

ಸಂಜೆಯಾಯಿತು. ಮನೆಗಳ ಮುಂದೆ ಧ್ವಜಗಳು ಅರ್ಧಕ್ಕೆ ಇಳಿದಿದ್ದವು. ಎಲ್ಲರೂ ಹೊರಟಾಗ ಜರ್ಮನ್ ಗೆಳೆಯನು ಮಹಡಿಯಲ್ಲೇ ಕುಳಿತಿದ್ದನು. ಸಂಗತಿ ತಿಳಿದ ವೃದ್ಧೆ ಕೋಲೂರಿಕೊಂಡು ಮೆಟ್ಟಿಲಿನ ಬುಡಕ್ಕೆ ಬಂದು ಅವನನ್ನು ಕೂಗಿದರು. “ಮಗು, ಈಗ ನಾವು ಹಾಡಲಿರುವ ರಾಷ್ಟ್ರಗೀತೆ ಆರೆಂಜಿನ ವಿಲಿಯಂನದು. ಅವನು ಹುಟ್ಟಿದ್ದು ನಿಮ್ಮ ಡಿಲೆನ್‌ಬುರ್ಗ್ ಊರಿನಲ್ಲಿ. ಅವನಿಗೆ ಇಲ್ಲಿ ಜಾಗವಿದ್ದರೆ ನಿನಗೂ ಇದೆ. ನಡೆದುದನ್ನು ನಾನು ಮರೆತಿಲ್ಲ. ನೀನೂ ಮರೆಯಬಾರದು, ಅದಕ್ಕಾಗಿಯೇ ಬಾ” ಎಂದರು. ಅವನು ಇಳಿದುಬಂದು ಅವರಿಗೆ ತೋಳು ಕೊಟ್ಟನು.

ಎಂಟು ಗಂಟೆಗೆ, ಇನ್ನೂ ಬಿಸಿಲಿರುವಾಗಲೇ, ಇಡೀ ದೇಶ ಎರಡು ನಿಮಿಷ ಸ್ತಬ್ಧವಾಗುತ್ತದೆ. ಸೈಕಲ್ಲುಗಳೇ ತುಂಬಿ ಹರಿಯುವ ಆ ಊರಿನಲ್ಲಿ ಸವಾರರೆಲ್ಲರೂ ಕೆಳಗಿಳಿದು ನಿಂತರು. ಕಾಲುವೆಯ ನೀರಿನಲ್ಲಿ ಬಾತುಕೋಳಿಗಳ ಸದ್ದು ಮಾತ್ರ ಕೇಳಿಸುತ್ತಿತ್ತು. ಗೆಳೆಯನು ತಲೆ ತಗ್ಗಿಸಿ ಅಳುತ್ತಿದ್ದನು. ವೃದ್ಧೆ ಅವನ ತೋಳನ್ನು ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಬಾಡಿಗೆ ಸೈಕಲ್ಲುಗಳನ್ನೇರಿ ಊರಾಚೆಯ ಟುಲಿಪ್ ಹೊಲಗಳಿಗೆ ಹೋದೆವು. 1590ರಲ್ಲಿ ಸ್ಥಾಪಿತವಾದ ಲೈಡನ್ನಿನ ಸಸ್ಯೋದ್ಯಾನದಲ್ಲಿ ಕ್ಲೂಸಿಯಸ್ ಎಂಬ ವಿದ್ವಾಂಸರು ನೆಟ್ಟ ಟುಲಿಪ್‌ಗಳು 1594ರಲ್ಲಿ ಅರಳಿದವು. ಈಗ ಬಹಳಷ್ಟು ಹೊಲಗಳಲ್ಲಿ ಹೂಗಳ ತಲೆಯನ್ನು ಕತ್ತರಿಸಿ ಹಾಕಿದ್ದರು. ಗಡ್ಡೆ ಬಲಿಯಲೆಂದು ಹೀಗೆ ಮಾಡುವರಂತೆ. ಬೆಳೆಗಾರನಿಗೆ ಗಡ್ಡೆಯೇ ಫಸಲು.

ಮನೆಗೆ ಮರಳಿ ಇದನ್ನು ಹೇಳಿದಾಗ ವೃದ್ಧೆ ನಕ್ಕು, “ಆ ಗಡ್ಡೆಯನ್ನು ನಾನು ತಿಂದಿದ್ದೇನೆ” ಎಂದರು. 1944–45ರ ಚಳಿಗಾಲದಲ್ಲಿ ಆಹಾರವಿಲ್ಲದೆ ಪಶ್ಚಿಮ ಭಾಗದ ನಗರಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. ಆಗ ಇವರು ಆರು ವರ್ಷದ ಬಾಲಕಿ. ಗಡ್ಡೆಯ ಒಳಗಿನ ಹಳದಿ ತಿರುಳು ವಿಷವಾದುದರಿಂದ ಅವರ ತಾಯಿ ಅದನ್ನು ತೆಗೆದು ಉಳಿದುದನ್ನು ಬೇಯಿಸುತ್ತಿದ್ದರಂತೆ.

ಅಂದು ವಿಮೋಚನಾ ದಿನ. ಬೀದಿಯವರೆಲ್ಲ ಉದ್ದನೆಯ ಮೇಜು ಹಾಕಿ ಒಂದೇ ಪಂಕ್ತಿಯಲ್ಲಿ ಕುಳಿತು ಸೂಪು, ರೊಟ್ಟಿ ಉಂಡರು. ವೃದ್ಧೆಯು ಜರ್ಮನ್ ಗೆಳೆಯನನ್ನು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡು, ಬಂದವರಿಗೆಲ್ಲ ಅವನನ್ನು ಪರಿಚಯಿಸಿದರು. ಬಡಿಸುವ ಕೆಲಸಕ್ಕೆ ನಾವೂ ನಿಂತೆವು.

ನಮ್ಮ ಮನೆಗಳಿಂದ ಅನೇಕ ಮಕ್ಕಳು ಇಂದು ಓದಿಗಾಗಿ ಹೊರದೇಶಗಳಿಗೆ ಹೋಗುತ್ತಿದ್ದಾರೆ. ರಜೆಯ ದಿನಗಳಲ್ಲಿ ಗೋಪುರ, ಸೇತುವೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು ತಪ್ಪಲ್ಲ. ಅದರ ಜೊತೆಗೆ ಆ ಊರಿನವರು ಯಾವ ದಿನ ಮೌನವಾಗಿರುತ್ತಾರೆ, ಯಾವ ನೆನಪಿಗಾಗಿ ಯಾವ ಅಡುಗೆ ಮಾಡುತ್ತಾರೆ ಎಂದು ಮನೆಯ ಹಿರಿಯರೊಬ್ಬರನ್ನು ಕೇಳಿ ತಿಳಿಯಲಿ. ಹಾಗೆ ಕೇಳಿದವರಿಗೆ ಪರದೇಶದಲ್ಲಿಯೂ ಪಂಕ್ತಿಯಲ್ಲೊಂದು ಎಡೆ ಸಿಗುತ್ತದೆ.